ಎಷ್ಟು ಓದಿದಿರಿ ಎಂದು ಕೇಳಬೇಡಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಮೊಬೈಲ್ ತುಂಬ ಪುಸ್ತಕಗಳ ಗೋಪುರ. ಒಂದರ ಮೇಲೊಂದು ಜೋಡಿಸಿಟ್ಟ ಪುಸ್ತಕಗಳ ಫೋಟೊ, ಕೆಳಗೊಂದು ಸಾಲು: ‘ಈ ವರ್ಷ 52 ಓದಿದೆ’, ‘ನನ್ನದು 75’, ‘ಅಂತೂ 100 ಮುಟ್ಟಿತು!’. ಗುಡ್‌ರೀಡ್ಸ್ 2011ರಲ್ಲಿ ಶುರು ಮಾಡಿದ ವಾರ್ಷಿಕ ಓದಿನ ಸವಾಲು ಈಗ ನಮ್ಮ ಹುಡುಗರಿಗೂ ಒಂದು ಹಬ್ಬ. ‘ಈಗಿನವರು ಓದುವುದೇ ಇಲ್ಲ’ ಎಂದು ಹಿರಿಯರು ಬೈಯುವ ಕಾಲದಲ್ಲಿ ಯುವಕರು ಪುಸ್ತಕ ತೋರಿಸಿ ಹೆಮ್ಮೆಪಡುವುದು ಸಂತೋಷದ ವಿಷಯವೇ. ಆದರೆ ವರ್ಷವಿಡೀ ಎರಡೇ ಪುಸ್ತಕ ಓದಿದ ಗೆಳೆಯನೊಬ್ಬ ಆ ಫೋಟೊ ನೋಡಿ ಸುಮ್ಮನೆ ಫೋನ್ ಕೆಳಗಿಡುತ್ತಾನಲ್ಲ, ಅವನ ನೆನಪು ಯಾರಿಗೂ ಆಗುವುದಿಲ್ಲ. ಅವನು ಓದಿದ ಆ ಎರಡು ಪುಸ್ತಕ ಯಾವುವು, ಅವು ಅವನೊಳಗೆ ಏನು ಮಾಡಿದವು ಎಂದು ಕೇಳುವವರೂ ಇಲ್ಲ.

ನನ್ನ ಮಾತು ಇಷ್ಟೇ: ವರ್ಷದ ಓದನ್ನು ಖಂಡಿತ ಹಂಚಿಕೊಳ್ಳೋಣ, ಸಂಖ್ಯೆಯನ್ನು ಮಾತ್ರ ನಮ್ಮ ನಮ್ಮ ಡೈರಿಯೊಳಗೇ ಇಟ್ಟುಕೊಳ್ಳೋಣ.

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಈ ಓಣಿಗಳ ಪರಿಚಯ ಇದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಹೆಜ್ಜೆಗೊಂದು ಕೋಚಿಂಗ್ ಸೆಂಟರ್, ಅದರ ಪಕ್ಕ ಜೆರಾಕ್ಸ್ ಅಂಗಡಿ, ಅದರ ಮೇಲೆ ಪಿ.ಜಿ. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಸರ್ಕಾರಿ ನೌಕರಿಯ ಆಸೆ ಹೊತ್ತು ಬಂದವರು ಇಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುತ್ತಲೇ ಇರುತ್ತೇವೆ. ದಿನಕ್ಕೆ ಹತ್ತು ಗಂಟೆ ಓದುವವರ ಊರಿದು. ಆದರೂ ಕೈಯಲ್ಲೊಂದು ಕಾದಂಬರಿ ಕಂಡರೆ ಪಕ್ಕದವನು ಕೇಳುವ ಪ್ರಶ್ನೆ ಒಂದೇ: ‘ಇದು ಎಕ್ಸಾಮಿಗೆ ಬರ್ತದೇನ?’

ಬರುತ್ತದೆ! ಕೃತಿ ಮತ್ತು ಕರ್ತೃಗಳ ಹೆಸರು ಹೊಂದಿಸಿ ಬರೆಯಿರಿ ಎಂದು ಬರುತ್ತದೆ. ಕನ್ನಡದ ಎಂಟು ಜ್ಞಾನಪೀಠಗಳು ನಮಗೆ ಬಾಯಿಪಾಠ. ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998, ಕಂಬಾರ 2010. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಓಣಿಯ ಎಲ್ಲ ನೋಟ್‌ಬುಕ್‌ಗಳಲ್ಲೂ ಅದೇ ದಿನ ಮೂರು ಸಾಲು ಸೇರಿಕೊಂಡವು: ಲೇಖಕಿ ಬಾನು ಮುಷ್ತಾಕ್, ಅನುವಾದಕಿ ದೀಪಾ ಭಾಸ್ತಿ, ಕತೆಗಳು 12. ಆ ಕತೆಗಳಲ್ಲಿ ಒಂದನ್ನಾದರೂ ಓದಿದವರು ನಮ್ಮ ಗುಂಪಿನಲ್ಲಿ ಒಬ್ಬಳೇ. ‘ಎದೆಯ ಹಣತೆ’ ಓದಿದ ರಾತ್ರಿ ಹನ್ನೊಂದೂವರೆಗೆ ಊರಿಗೆ ಫೋನ್ ಮಾಡಿ ಅವ್ವನನ್ನು ಎಬ್ಬಿಸಿದಳಂತೆ. ಸೋತು ಸಾಯಲು ಹೊರಟ ತಾಯಿಯನ್ನು ಮಗಳು ತಡೆಯುವ ಕತೆ ಅದು. ‘ಏನಿಲ್ಲಬೇ, ಸುಮ್ಮ ಮಾತಾಡಸೋಣ ಅಂತ ಮಾಡೀನಿ’ ಅಂದಳಂತೆ. ಈ ಮಾತು ಕೇಳಿದ ಮೇಲೆ ನಾವು ಐದು ಜನ ಆ ಕತೆಯನ್ನು ಹುಡುಕಿಕೊಂಡು ಓದಿದೆವು. ಅದಕ್ಕೆ ಬೂಕರ್ ಬಂದ ಸುದ್ದಿಯೊಂದೇ ಸಾಕಾಗಿರಲಿಲ್ಲ.

ಗೋಪುರದ ಫೋಟೊಗೂ ನಮ್ಮ ಹೊಂದಿಸಿ ಬರೆಯಿರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಪುಸ್ತಕದ ಹೆಸರು ಉಳಿಯುತ್ತದೆ, ಪುಸ್ತಕ ಕಳೆದುಹೋಗುತ್ತದೆ. ಗೈಡ್ ಓದುವವನನ್ನು ಅಂಕಕ್ಕಾಗಿ ಓದುತ್ತಾನೆ ಎಂದು ಹಂಗಿಸುವವರು ಸಂಖ್ಯೆಗಾಗಿ ಓದಿದರೆ ಅದೂ ಇನ್ನೊಂದು ಅಂಕಪಟ್ಟಿಯೇ ತಾನೆ? ಲೆಕ್ಕದ ಗಡಿಬಿಡಿಗೆ ಸಿಕ್ಕವರು ಮೊದಲು ಕೈಬಿಡುವುದು ದಪ್ಪ ಪುಸ್ತಕಗಳನ್ನು. ‘ಮಲೆಗಳಲ್ಲಿ ಮದುಮಗಳು’ ಓದುವ ಸಮಯದಲ್ಲಿ ತೆಳ್ಳಗಿನವು ಐದಾರು ಮುಗಿಯುತ್ತವಲ್ಲ!

ನಾವು ಆರು ಜನ ಗೆಳೆಯರು ಈ ವರ್ಷ ಬೇರೆ ರೀತಿಯಲ್ಲಿ ಹಂಚಿಕೊಂಡೆವು. ತಿಂಗಳಿಗೊಂದು ಭಾನುವಾರ ಸಂಜೆ ಕೆಲಗೇರಿ ಕೆರೆಯ ಕಡೆ ನಡೆದುಹೋಗಿ ಒಂದು ಗಂಟೆ ಕೂರುವುದು. ಎಷ್ಟು ಓದಿದಿ ಎಂದು ಕೇಳುವಂತಿಲ್ಲ. ಓದಿ ಮುಗಿಸಿದ್ದು ಒಂದು, ಅರ್ಧಕ್ಕೆ ಬಿಟ್ಟಿದ್ದು ಒಂದು, ಇವೆರಡರ ಬಗ್ಗೆ ಹೇಳಬೇಕು. ಹೇಳಿ ಮುಗಿಸಿದ ಪುಸ್ತಕ ಲೈಬ್ರರಿಯದಲ್ಲದಿದ್ದರೆ ಅಲ್ಲೇ ಯಾರಾದರೊಬ್ಬರ ಕೈಗೆ ಕೊಟ್ಟು ಏಳಬೇಕು.

ಅರ್ಧಕ್ಕೆ ಬಿಟ್ಟದ್ದನ್ನು ಹೇಳಿಕೊಳ್ಳುವುದರಲ್ಲೇ ಹೆಚ್ಚು ಲಾಭವಾಯಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ನಾನು ಮೂವತ್ತು ಪುಟಕ್ಕೆ ನಿಲ್ಲಿಸಿದ್ದೆ. ನಂಜನಗೂಡು ಸೀಮೆಯ ಆಡುಮಾತು ನನ್ನ ಬಾಯಿಗೆ ಹೊರಳುತ್ತಿರಲಿಲ್ಲ. ಅದನ್ನು ಹೇಳಿದಾಗ, ಇಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಚಾಮರಾಜನಗರದ ಗೆಳತಿ ಪುಸ್ತಕ ಇಸಿದುಕೊಂಡು ಗಟ್ಟಿಯಾಗಿ ಓದತೊಡಗಿದಳು. ಅವಳಿಗೆ ಅದು ಅಜ್ಜಿ ಮಾತಾಡಿದ ಹಾಗೆ. ಕಣ್ಣಿಗೆ ಒಗ್ಗದಿದ್ದ ಸಾಲುಗಳು ಕಿವಿಗೆ ಒಗ್ಗಿದವು. ಅದೇ ಹುಡುಗಿ ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಅರ್ಧಕ್ಕೆ ಮುಚ್ಚಿಟ್ಟಿದ್ದಳು. 1957ರ ಆ ಕಾದಂಬರಿಯ ಮಾತು ನಮ್ಮ ಮನೆಯ ಮಾತು. ಅದನ್ನು ನಾವು ಓದಿ ಹೇಳಿದೆವು. ಒಂದೇ ಕನ್ನಡದ ಎರಡು ತುದಿಗಳು ಹೀಗೆ ಕೆರೆಯ ದಂಡೆಯ ಮೇಲೆ ಭೇಟಿಯಾದವು. ಇಬ್ಬರೂ ನಾಚಿಕೊಂಡು ಬರೀ ಮುಗಿಸಿದ ಪುಸ್ತಕಗಳ ಪಟ್ಟಿ ಓದಿದ್ದರೆ ಈ ಎರಡೂ ಪುಸ್ತಕ ನಮ್ಮ ಪಾಲಿಗೆ ಮುಚ್ಚಿಯೇ ಇರುತ್ತಿದ್ದವು.

ಇನ್ನೊಬ್ಬ ಗೆಳೆಯ ಕೊಪ್ಪಳ ಕಡೆಯವನು. ಮೂರು ವರ್ಷದಿಂದ ಪರೀಕ್ಷೆ ಬರೆಯುತ್ತಿದ್ದಾನೆ. ಮನೆಯಿಂದ ಬರುವ ಫೋನ್‌ಗಳಿಗೆ ಉತ್ತರಿಸುವುದನ್ನೇ ನಿಲ್ಲಿಸಿದ್ದ. ‘ಏನಂತ ಹೇಳಲಿ? ಕೇಳೋದು ಅದೊಂದನ್ನ’ ಅನ್ನುತ್ತಿದ್ದ. ಅವನು ವರ್ಷದಲ್ಲಿ ಓದಿದ್ದು ಎರಡೇ ಪುಸ್ತಕ. ಅದರಲ್ಲೊಂದು ಕಾರಂತರ ‘ಬೆಟ್ಟದ ಜೀವ’. 1943ರ ಈ ಕಾದಂಬರಿಯ ಗೋಪಾಲಯ್ಯ, ಶಂಕರಮ್ಮ ದಂಪತಿಯನ್ನು ಎಲ್ಲರೂ ಬಲ್ಲರು. ಕಾಡಿನ ನಡುವೆ ತೋಟ ಮಾಡಿ, ಮನೆ ಬಿಟ್ಟುಹೋದ ಮಗನ ದಾರಿ ಕಾಯುವ ಮುದಿಜೀವಗಳು. ಓದಿದವರೆಲ್ಲ ಆ ಇಬ್ಬರ ಬಗ್ಗೆಯೇ ಮಾತಾಡುತ್ತಾರೆ. ನಮ್ಮ ಗೆಳೆಯ ಹೇಳಿದ್ದು ಬೇರೆ: ‘ನಾನು ಪುಸ್ತಕದ ತುಂಬ ಆ ಮಗನನ್ನೇ ಹುಡುಕಿದೆ. ಅವ ಯಾಕ ಹೋದ ಅನ್ನೋದಕ್ಕಿಂತ, ಯಾಕ ಒಂದ್ ಮಾತು ತಿಳಿಸಲಿಲ್ಲ ಅನ್ನೋದು ನನಗ ಚುಚ್ಚಿತು.’ ಯಾರೂ ಏನೂ ಉಪದೇಶ ಮಾಡಲಿಲ್ಲ. ಮರುದಿನ ಸಂಜೆ ಅವನು ಮಾಳಿಗೆಯ ಮೇಲೆ ಅಡ್ಡಾಡುತ್ತ ಅಪ್ಪನ ಜೊತೆ ಮಳೆ, ಮೆಕ್ಕೆಜೋಳದ ರೇಟು ಮಾತಾಡುತ್ತಿದ್ದುದು ಕೇಳಿಸಿತು. ನೌಕರಿ ಇನ್ನೂ ಸಿಕ್ಕಿಲ್ಲ. ಆದರೆ ಫೋನ್ ಬಂದರೆ ಈಗ ಎತ್ತುತ್ತಾನೆ. ಎರಡೇ ಪುಸ್ತಕ ಓದಿದವನ ವರ್ಷವನ್ನು 75 ಓದಿದವರ ವರ್ಷದ ಪಕ್ಕ ಯಾವ ತಕ್ಕಡಿಯಲ್ಲಿಟ್ಟು ತೂಗುವುದು?

ಹೀಗೆ ಹಂಚಿಕೊಂಡು ಓದುವುದು ಈ ಭಾಗಕ್ಕೆ ಹೊಸದಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇದೇ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಓದುಗರಿಂದ ಚಂದಾ ಪಡೆದು ಪುಸ್ತಕಗಳನ್ನು ಅವರ ಮನೆಗೆ ಕಳಿಸುತ್ತ ಬೆಳೆದದ್ದು. ಒಂದೇ ಕಂತಿನ ಪುಸ್ತಕಗಳನ್ನು ಬೇರೆ ಬೇರೆ ಊರಿನವರು ಒಂದೇ ವರ್ಷ ಓದುತ್ತಿದ್ದರು. ಸುಭಾಸ ರಸ್ತೆಯ ಅದರ ‘ಅಟ್ಟ’ದಲ್ಲಿ ಬರೆಯುವವರೂ ಓದುವವರೂ ಕೂತು ಹರಟಿದ್ದು ಈ ಊರಿನ ಚರಿತ್ರೆಯ ಭಾಗ. ಅತ್ತ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರಗಳಂದು ಯುವಜನ ಚಾಪೆ ಹಾಸಿ ಒಟ್ಟಿಗೆ ಮೌನವಾಗಿ ಓದುತ್ತಿದ್ದಾರೆ. ಅಟ್ಟವಿರಲಿ, ಪಾರ್ಕಿರಲಿ, ಕೆರೆಯ ದಂಡೆಯಿರಲಿ, ಓದುವವರಿಗೆ ಜೊತೆ ಬೇಕು.

‘ನಮಗೆ ಟೈಮ್ ಎಲ್ಲಿದೆ’ ಎನ್ನುವವರಿದ್ದಾರೆ. ರಾತ್ರಿ ಮಲಗುವ ಮುಂಚೆ ಐದು ಪುಟ ಓದಿದರೆ ವರ್ಷಕ್ಕೆ 1,825 ಪುಟ. ಇನ್ನೂರು ಪುಟದ ಒಂಬತ್ತು ಪುಸ್ತಕ. ರೀಲ್ಸ್ ನೋಡುವ ಸಮಯದಲ್ಲಿ ಹತ್ತು ನಿಮಿಷ ಕಡಿಮೆಯಾದರೆ ಸಾಕು. ‘ಗುರಿ ಇದ್ದರೆ ಓದಲು ಹುರುಪು ಬರುತ್ತದೆ’ ಎನ್ನುವವರ ಮಾತೂ ಸುಳ್ಳಲ್ಲ. ಗುರಿ ಇಟ್ಟುಕೊಳ್ಳಲಿ, ಲೆಕ್ಕವನ್ನೂ ಬರೆದಿಡಲಿ. ಆದರೆ ಗೆಳೆಯರ ಮುಂದೆ ಮಾತು ಶುರುವಾಗುವುದು ಆ ಲೆಕ್ಕದಿಂದ ಬೇಡ. ಅದನ್ನು ಕೇಳಿ ಹೊಸದಾಗಿ ಓದಲು ಹೊರಟವರು ಹಿಂದೆ ಸರಿಯುತ್ತಾರೆ.

‘ಪುಸ್ತಕಕ್ಕೆ ದುಡ್ಡೆಲ್ಲಿ’ ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ಪಿ.ಜಿ. ಬಾಡಿಗೆ, ಮೆಸ್ಸು, ಫೀಸು ಕಟ್ಟಿದ ಮೇಲೆ ಮುನ್ನೂರು ರೂಪಾಯಿ ಕೊಟ್ಟು ಕಾದಂಬರಿ ಕೊಳ್ಳುವುದು ಎಲ್ಲರಿಗೂ ಆಗದು. ಅದಕ್ಕೇ ಸಾರ್ವಜನಿಕ ಗ್ರಂಥಾಲಯ ಇರುವುದು. 1965ರ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಅಂದರೆ ಅಲ್ಲಿನ ಪುಸ್ತಕಗಳು ನಮ್ಮ ಮನೆಯವರ ದುಡ್ಡಿನವು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಇಂಥ ಕಡೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕಪಾಟಿನ ಮುಂದೆ ನೂಕುನುಗ್ಗಲು, ಕತೆ ಕಾದಂಬರಿಯ ಕಪಾಟಿನ ಮೇಲೆ ಧೂಳು. ಪ್ರತಿ ಗ್ರಂಥಾಲಯದ ಬಾಗಿಲ ಬಳಿ ಒಂದು ದಪ್ಪ ನೋಟ್‌ಬುಕ್ ಇಟ್ಟು, ಓದಿ ಮರಳಿಸುವವರು ಆ ಪುಸ್ತಕದ ಬಗ್ಗೆ ಎರಡು ಸಾಲು ಬರೆಯುವಂತಿದ್ದರೆ? ಖರ್ಚು ನೂರು ರೂಪಾಯಿ. ಮುಂದಿನವರು ಅದನ್ನು ತಿರುವಿಹಾಕಿ, ತಮ್ಮಂಥವರೇ ಮೆಚ್ಚಿದ ಪುಸ್ತಕವನ್ನು ಕಪಾಟಿನಿಂದ ಇಳಿಸುತ್ತಾರೆ. ಗ್ರಂಥಪಾಲಕರು ಒಪ್ಪಿದರೆ ನೋಟ್‌ಬುಕ್ ಕೊಂಡುಕೊಡಲು ನಮ್ಮಂಥ ಹುಡುಗರು ಪ್ರತಿ ಊರಲ್ಲೂ ಸಿಗುತ್ತಾರೆ.

ಸ್ನೇಹಿತರೇ, ವರ್ಷ ಮುಗಿಯಲು ಇನ್ನು ಕೆಲವೇ ದಿನ. ಗೋಪುರದ ಫೋಟೊ ಹಾಕಬೇಕೆನಿಸಿದರೆ ಹಾಕಿ. ಅದಕ್ಕೂ ಮೊದಲು ಅದರಿಂದ ಒಂದು ಪುಸ್ತಕ ಎಳೆದು ತೆಗೆಯಿರಿ. ಅದು ನಿಮಗೆ ಯಾವಾಗ ಸಿಕ್ಕಿತು, ಯಾವ ಪುಟದಲ್ಲಿ ನಿಲ್ಲಿಸಿ ಕಿಟಕಿಯಾಚೆ ನೋಡುತ್ತ ಕೂತಿರಿ ಎಂದು ಒಬ್ಬರಿಗೆ ಹೇಳಿ, ಪುಸ್ತಕವನ್ನೂ ಅವರ ಕೈಗೆ ಕೊಡಿ. ಹಾಗೆಯೇ ಪಕ್ಕದ ಕೋಣೆಯಲ್ಲಿ ಫೋನ್ ಕೆಳಗಿಟ್ಟು ಸುಮ್ಮನೆ ಕೂತವರನ್ನು ಕೇಳಿ: ‘ಈ ವರ್ಷ ನೀ ಓದಿದ್ದರೊಳಗ ನನಗೊಂದು ಹೇಳು.’ ಅವರು ಹೇಳುವುದು ನಿಮ್ಮ ಗೋಪುರದಲ್ಲಿ ಇಲ್ಲದ ಪುಸ್ತಕವಾಗಿದ್ದರೆ, ಜನವರಿಗೆ ನಿಮ್ಮ ಮೊದಲ ಪುಸ್ತಕ ಸಿಕ್ಕಿತು.