‘ಎಂದಿಗೂ’ ಎಂದು ಬರೆಯುವ ಮುನ್ನ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ‘ಅಂಗಾಂಶಗಳು’ ಪಾಠ ಮಾಡುವಾಗ, “ವಿಭೇದನಗೊಂಡ ಜೀವಕೋಶದ ಗುಣ ಎಂದಿಗೂ ಬದಲಾಗದು” ಎಂದು ಕಪ್ಪುಹಲಗೆಯ ಮೇಲೆ ಬರೆದೆ. “ಕ್ಯಾನ್ಸರ್ ಬಂದ್ರೂನಾ ಮಿಸ್?” ಎಂದಳು ಒಬ್ಬ ವಿದ್ಯಾರ್ಥಿನಿ. “ಅದು ಪಠ್ಯದಲ್ಲಿಲ್ಲ, ಕೂತ್ಕೋ” ಎಂದುಬಿಟ್ಟೆ.

ಸಂಜೆ ಓದಿದಾಗ ನಾಚಿಕೆಯಾಯಿತು. ಕ್ರಿಬ್ರಿಫಾರ್ಮ್-ಮೊರುಲಾರ್ ಎಂಬ ಅಪರೂಪದ ಕ್ಯಾನ್ಸರ್ ಥೈರಾಯ್ಡ್ ಗ್ರಂಥಿಯಲ್ಲೇ ಬೆಳೆದರೂ ಅದರ ಕೋಶಗಳಲ್ಲಿ ಥೈರಾಯ್ಡಿನ ಗುರುತಾದ ಥೈರೊಗ್ಲಾಬ್ಯುಲಿನ್ ಬಹುತೇಕ ಕಾಣುವುದಿಲ್ಲ. ಉಂಡೆಯಂಥ ಕೋಶಗುಂಪುಗಳಲ್ಲಿ ಕರುಳಿನ ಕೋಶಗಳ ಸಿಡಿಎಕ್ಸ್-2 ಪ್ರೋಟೀನ್ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2022ರ ವರ್ಗೀಕರಣದಲ್ಲಿ ಇದನ್ನು ಪ್ಯಾಪಿಲರಿ ಕ್ಯಾನ್ಸರಿನಿಂದ ಬೇರ್ಪಡಿಸಿದೆ.

ಮರುದಿನ ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. ಈ ಗಡ್ಡೆಯನ್ನು ಪ್ರೌಢಶಾಲೆಯಲ್ಲಿ ಕಲಿಸಬೇಕೆಂಬುದು ನನ್ನ ವಾದವಲ್ಲ. ಪಾಠಯೋಜನೆಯಲ್ಲಿ ‘ಎಂದಿಗೂ’ ಇರುವಲ್ಲಿ ‘ಸಾಮಾನ್ಯವಾಗಿ’ ಎಂದು ಬರೆಯೋಣ. ಪ್ರಶ್ನೆ ಕೇಳಿದ ಮಗುವಿನ ಬಾಯಿ ಮುಚ್ಚಿಸದಿರೋಣ.