ಎಲ್ಲದಕ್ಕೂ ‘ಗ್ಯಾಸ್’ ಎನ್ನಬೇಡಿ

“ಏನಿಲ್ರಿ ಡಾಕ್ಟ್ರ, ಬರೇ ಗ್ಯಾಸ್ ಆಗೈತಿ. ಒಂದು ಗುಳಿಗಿ ಕೊಡ್ರಿ.” ರೋಣ, ನರಗುಂದ, ಗಜೇಂದ್ರಗಡದ ದವಾಖಾನೆಗಳಲ್ಲಿ ಮೇಲಿಂದ ಮೇಲೆ ಕೇಳುವ ಮಾತಿದು. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಎದೆನೋವು ಎಲ್ಲಕ್ಕೂ ನಮ್ಮಲ್ಲಿ ಇದೊಂದೇ ಹೆಸರು.

ಜಠರದ ಆಮ್ಲವು ಅನ್ನನಾಳಕ್ಕೆ ಮರಳಿ ಏರಿ, ವಾರಕ್ಕೊಮ್ಮೆಯಾದರೂ ಎದೆ ಉರಿಯುವುದು ಅಥವಾ ಬಾಯಿಗೆ ಹುಳಿನೀರು ಬರುವುದು ಇದ್ದರೆ ಸಮೀಕ್ಷೆಗಳಲ್ಲಿ ಅದನ್ನು ಕಾಯಿಲೆಯೆಂದು ಎಣಿಸುವುದು ವಾಡಿಕೆ. 2014ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕದಂತೆ ಉತ್ತರ ಅಮೆರಿಕದಲ್ಲಿ ಇದು ನೂರಕ್ಕೆ 18ರಿಂದ 28 ಜನರಿಗಿದೆ. ಪೂರ್ವ ಏಷ್ಯಾದಲ್ಲಿ 3ರಿಂದ 8 ಜನರಿಗೆ ಮಾತ್ರ. ಭಾರತದ ಜಠರ-ಕರುಳು ತಜ್ಞರ ಸಂಘವು 2011ರಲ್ಲಿ ನಮ್ಮ ದೇಶದ ಪ್ರಮಾಣ ಶೇ. 7.6 ಎಂದಿತು. ದಕ್ಷಿಣ ಭಾರತದ 2016ರ ಒಂದು ಸಮೀಕ್ಷೆಯಲ್ಲಿ ಅದು ಶೇ. 22.

ಇಷ್ಟು ಅಂತರವೇಕೆ? ಬೊಜ್ಜು, ಧೂಮಪಾನ, ಊಟದ ರೀತಿ ಕಾರಣವಿರಬಹುದು. ಆದರೆ ಪ್ರಶ್ನೆ ಕೇಳುವ ಭಾಷೆಯೂ ಮುಖ್ಯ. ‘ಎದೆಯುರಿ ಇದೆಯೇ’ ಎಂದರೆ ಇಲ್ಲವೆನ್ನುವವರು ‘ಗ್ಯಾಸ್ ಆಗುತ್ತದೆಯೇ’ ಎಂದರೆ ಹೌದೆನ್ನುತ್ತಾರೆ. ಆದ್ದರಿಂದ ‘ಇದು ಬೊಜ್ಜಿನ ದೇಶದವರ ರೋಗ’ ಎಂದು ನಾವು ನಿಶ್ಚಿಂತರಾಗಿರುವುದು ತಪ್ಪು.

ಮಿರ್ಚಿ ಭಜಿಯನ್ನಷ್ಟೇ ಬೈದು ಫಲವಿಲ್ಲ. ಹೊಲದಿಂದ ತಡವಾಗಿ ಬಂದು ಹೊಟ್ಟೆ ತುಂಬ ಉಂಡು ಕೂಡಲೇ ಮಲಗುವುದು, ಉಂಡೊಡನೆ ಬಗ್ಗಿ ಕೆಲಸ ಮಾಡುವುದು, ಬೀಡಿ, ಹೊಟ್ಟೆಯ ಬೊಜ್ಜು ಇವೂ ಆಮ್ಲವನ್ನು ಮೇಲೇರಿಸುತ್ತವೆ. ಊಟಕ್ಕೂ ನಿದ್ದೆಗೂ ಎರಡು-ಮೂರು ತಾಸು ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸಿ.

ನನ್ನ ಆತಂಕ ಬೇರೆ. ‘ಗ್ಯಾಸ್’ ಎಂಬ ಒಂದು ಮಾತು ಎರಡು ದೊಡ್ಡ ರೋಗಗಳನ್ನು ಮರೆಮಾಚುತ್ತದೆ. ಎದೆ ಒತ್ತಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಇಳಿದರೆ ಅದು ಹೃದಯಾಘಾತವಿರಬಹುದು. ಸೋಡಾ ಕುಡಿದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ರೊಟ್ಟಿಯ ತುತ್ತು ಗಂಟಲಿನಿಂದ ಕೆಳಗಿಳಿಯದಿದ್ದರೆ, ತೂಕ ಇಳಿದರೆ, ಮಲ ಕಪ್ಪಾದರೆ ಎಂಡೋಸ್ಕೋಪಿಯಾಗಲೇಬೇಕು. ತಂಬಾಕು ತಿನ್ನುವವರಂತೂ ಒಂದು ವಾರವನ್ನೂ ಕಳೆಯಬಾರದು. ಅನ್ನನಾಳದ ಕ್ಯಾನ್ಸರ್ ಹೀಗೆಯೇ ಆರಂಭವಾಗುವುದುಂಟು.

ಔಷಧದ ಅಂಗಡಿಯವರಿಗೆ ‘ಗ್ಯಾಸಿನ ಗುಳಿಗೆ’ ಕೇಳಿ ತಿಂಗಳುಗಟ್ಟಲೆ ನುಂಗುವ ಬದಲು, ವೈದ್ಯರ ಮುಂದೆ ಕುಳಿತು ಎಲ್ಲಿ, ಯಾವಾಗ, ಹೇಗೆ ತೊಂದರೆಯಾಗುತ್ತದೆಂದು ಬಿಡಿಸಿ ಹೇಳಿ. ಅರ್ಧ ಚಿಕಿತ್ಸೆ ಅಲ್ಲಿಯೇ ಆದಂತೆ.