ಅಪ್ಪನ ಎಕ್ಸ್‌ರೇ, ಮಕ್ಕಳ ವೀಸಾ

ಮಂಗಳೂರು, ಉಡುಪಿ, ಭಟ್ಕಳದ ಕಡೆ ‘ಮೆಡಿಕಲ್ ಆಯ್ತಾ?’ ಎಂದು ಯಾರಾದರೂ ಕೇಳಿದರೆ ಅದಕ್ಕೆ ಒಂದೇ ಅರ್ಥ: ಗಲ್ಫ್‌ಗೆ ಹೊರಟವರ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಮುಗಿಯಿತೇ? ಊರಲ್ಲಿ ಪಾಸಾದರೂ ಅಲ್ಲಿ ಇಳಿದ ಮೇಲೆ, ವಾಸದ ಪರವಾನಗಿ (ಸೌದಿಯಲ್ಲಿರುವವರ ಮಾತಲ್ಲಿ ಇಕಾಮಾ) ಕೈಗೆ ಬರುವ ಮುನ್ನ ಮತ್ತೊಂದು ಪರೀಕ್ಷೆ ಕಾದಿರುತ್ತದೆ. ಎಮಿರೇಟ್ಸ್‌ನಲ್ಲಿ ನವೀಕರಣಕ್ಕೂ ಅದು ಬೇಕು.

ಹೆಂಡತಿ, ಮಕ್ಕಳ ವೀಸಾ ಸಾಮಾನ್ಯವಾಗಿ ದುಡಿಯುವವನ ವೀಸಾಕ್ಕೇ ಗಂಟು ಬಿದ್ದಿರುತ್ತದೆ. ಪರೀಕ್ಷೆಯಲ್ಲಿ ಫೇಲಾಗಿ ಅವನದು ರದ್ದಾದರೆ ಅವರದೂ ಉಳಿಯುವುದಿಲ್ಲ. ಎಮಿರೇಟ್ಸ್‌ನಲ್ಲಿ 18 ವರ್ಷದೊಳಗಿನವರಿಗೆ ಈ ಪರೀಕ್ಷೆಯೇ ಇಲ್ಲ. ಆದರೂ ಅಪ್ಪನ ಪರೀಕ್ಷೆಯಲ್ಲಿ ಮಕ್ಕಳು ಫೇಲಾಗುತ್ತಾರೆ. ಶಾಲೆ ಅರ್ಧಕ್ಕೆ ನಿಲ್ಲುತ್ತದೆ, ಕಟ್ಟಿದ ಬಾಡಿಗೆ ಹೋಗುತ್ತದೆ. ಊರಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಗಾಳಿಯಲ್ಲಿ ಹರಡುವ ಕ್ಷಯವನ್ನು ತಡೆಯುವ ಹಕ್ಕು ಪ್ರತಿ ದೇಶಕ್ಕೂ ಇದೆ. ಅದರಲ್ಲಿ ತಕರಾರಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ಪ್ರತಿ ಕಲೆಯನ್ನೂ ರೋಗವೆಂದು ಓದುವುದರಲ್ಲಿದೆ ತಕರಾರು. ಹದಿಹರೆಯದಲ್ಲಿ ಕ್ಷಯ ಬಂದು, ಆರು ತಿಂಗಳು ಮಾತ್ರೆ ನುಂಗಿ ಗುಣವಾದವನ ಶ್ವಾಸಕೋಶದಲ್ಲಿ ಕಲೆ ಜೀವನಪೂರ್ತಿ ಉಳಿಯಬಹುದು. ಅವನಿಂದ ಯಾರಿಗೂ ಸೋಂಕು ತಗಲುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇರುವಾಗ ಇಂಥ ಕಲೆಗಳು ನಮ್ಮವರ ಎದೆಯಲ್ಲಿ ಹೆಚ್ಚಿರುವುದು ಸಹಜ. ಊರಲ್ಲೇ ‘ಅನ್‌ಫಿಟ್’ ಎಂದು ದಾಖಲಾದವನಿಗೆ ಇನ್ನೊಂದು ಕೊಲ್ಲಿ ದೇಶದ ಬಾಗಿಲು ತಟ್ಟುವುದೂ ಕಷ್ಟ. ಆರೂ ಕೊಲ್ಲಿ ದೇಶಗಳಿಗೆ ಪೂರ್ವಪರೀಕ್ಷೆಯ ಆನ್‌ಲೈನ್ ವ್ಯವಸ್ಥೆ ಒಂದೇ.

ಎಮಿರೇಟ್ಸ್ 2016ರಲ್ಲಿ ಕ್ಷಯದ ನಿಯಮವನ್ನು ಸ್ವಲ್ಪ ಸಡಿಲಿಸಿತು. ನವೀಕರಣದ ವೇಳೆ ಕ್ಷಯ ಅಥವಾ ಅದರ ಕಲೆ ಕಂಡುಬಂದರೆ ಗಡಿಪಾರಿಲ್ಲ. ಚಿಕಿತ್ಸೆ, ನಿಗಾದ ಷರತ್ತಿನ ಮೇಲೆ ಒಂದು ವರ್ಷದ ಪರವಾನಗಿ ಸಿಗುತ್ತದೆ. ಇದು ಬರಿಯ ಕರುಣೆಯಲ್ಲ, ಲೆಕ್ಕಾಚಾರವೂ ಹೌದು: ಗಡಿಪಾರಿನ ಭಯವಿದ್ದವನು ಕೆಮ್ಮನ್ನು ಮುಚ್ಚಿಡುತ್ತಾನೆ, ವೈದ್ಯರ ಬಳಿ ಹೋಗುವುದೇ ಇಲ್ಲ. ಹೊಸದಾಗಿ ಬರುವವರಿಗೆ ಮಾತ್ರ ಈ ಸೌಲಭ್ಯ ದಕ್ಕಿಲ್ಲ.

ಅಲ್ಲಿನ ಹೆಪಟೈಟಿಸ್ ಬಿ ನಿಯಮ ನೋಡಿ. ಮನೆಗೆಲಸದವರು, ಆಯಾಗಳು, ಸಲೂನ್ ಕೆಲಸಗಾರರಿಗೆ ಆ ಪರೀಕ್ಷೆ ಕಡ್ಡಾಯ. ಕಚೇರಿಯ ಎಂಜಿನಿಯರ್‌ಗೆ ಇಲ್ಲ. ಕ್ಷೌರದ ಕತ್ತಿ ಹಿಡಿಯುವವರ ಮಟ್ಟಿಗೆ ಒಪ್ಪೋಣ. ಆದರೆ ಅಡುಗೆ ಮಾಡುವುದರಿಂದ, ಮಗು ಎತ್ತಿಕೊಳ್ಳುವುದರಿಂದ ಆ ವೈರಸ್ ಹರಡದು. ಎಚ್‌ಐವಿಯ ವಿಷಯದಲ್ಲಂತೂ ರಿಯಾಯಿತಿಯ ಮಾತೇ ಇಲ್ಲ. ಸರಿಯಾಗಿ ಔಷಧಿ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದವರು ಸಂಗಾತಿಗೂ ಸೋಂಕು ದಾಟಿಸುವುದಿಲ್ಲ ಎಂದು ವಿಜ್ಞಾನ ಖಚಿತಪಡಿಸಿದೆ. ಸೋಂಕಿತರಿಗೆ ತಾರತಮ್ಯ ಮಾಡಬಾರದು ಎನ್ನುವ ನಮ್ಮ 2017ರ ಕಾಯ್ದೆ ವಿಮಾನ ಹತ್ತಿದವರ ಜೊತೆ ಹೋಗುವುದಿಲ್ಲ.

ಕೊಲ್ಲಿಯನ್ನಷ್ಟೇ ದೂರಿದರೆ ಅನ್ಯಾಯವಾದೀತು. ಆಸ್ಟ್ರೇಲಿಯಾದಲ್ಲಿ ಸೋಂಕಿನಷ್ಟೇ ಖರ್ಚಿನ ಲೆಕ್ಕವೂ ನಡೆಯುತ್ತದೆ. ಕಾಯಂ ವೀಸಾ ಕೇಳುವ ಕುಟುಂಬದಲ್ಲಿ ಒಬ್ಬರ ಚಿಕಿತ್ಸೆ, ಆರೈಕೆಯ ಅಂದಾಜು ವೆಚ್ಚ ಮಿತಿ ಮೀರಿದರೆ ಸಾಮಾನ್ಯವಾಗಿ ಎಲ್ಲರ ಅರ್ಜಿಯೂ ಬಿದ್ದಂತೆ. 2024ರಲ್ಲಿ ಆ ಮಿತಿ 86,000 ಡಾಲರ್‌ಗೆ ಏರಿತು. 2008ರಲ್ಲಿ ವಿಕ್ಟೋರಿಯಾದ ಹಾರ್ಶಮ್ ಪಟ್ಟಣದ ಜರ್ಮನ್ ವೈದ್ಯರೊಬ್ಬರಿಗೆ ಕಾಯಂ ವೀಸಾ ನಿರಾಕರಿಸಿದ್ದು ಅವರ ಮಗನಿಗೆ ಡೌನ್ ಸಿಂಡ್ರೋಮ್ ಇದೆ ಎಂಬ ಕಾರಣಕ್ಕೆ. ವೈದ್ಯರಿಗಾಗಿ ಪರದಾಡುತ್ತಿದ್ದ ಊರು ತಿರುಗಿಬಿತ್ತು, ಕೊನೆಗೆ ಸಚಿವರೇ ಮಧ್ಯಪ್ರವೇಶಿಸಿದರು. ಮನೆಗೆಲಸಕ್ಕೆ ಕುವೈತ್‌ಗೆ ಹೋದ ಹೆಂಗಸಿಗಾಗಿ ಯಾವ ಊರು ತಿರುಗಿಬೀಳುತ್ತದೆ?

ಆ ಕೆಲಸ ದೆಹಲಿಯದು. ಕೊಲ್ಲಿ ರಾಷ್ಟ್ರಗಳೊಂದಿಗೆ ಮಾತುಕತೆಗೆ ಕೂತಾಗ ಸಂಬಳ, ವೀಸಾ ಸಂಖ್ಯೆಯ ಜೊತೆಗೆ ಇದನ್ನೂ ಕೇಳಲಿ: ಕಲೆ ಕಂಡರೆ ಕಫ ಪರೀಕ್ಷೆಯಾಗದೆ ‘ಅನ್‌ಫಿಟ್’ ಬರೆಯಬಾರದು, ಮರುಪರೀಕ್ಷೆಗೆ ಅವಕಾಶ ಬೇಕು, 2016ರ ಸಡಿಲಿಕೆ ಹೊಸಬರಿಗೂ ಆರೂ ದೇಶಗಳಲ್ಲೂ ಸಿಗಬೇಕು. ಅಲ್ಲಿಯವರೆಗೆ ಹೊರಡುವವರು ಇಲ್ಲಿನ ಕೆಲಸ ಬಿಡುವ ಮೊದಲೇ, ಸಾಲ ಎತ್ತುವ ಮೊದಲೇ ಒಂದು ಎಕ್ಸ್‌ರೇ ತೆಗೆಸಿ ನೋಡಿ. ಹಿಂದೆ ಕ್ಷಯಕ್ಕೆ ಚಿಕಿತ್ಸೆ ಪಡೆದಿದ್ದರೆ ಆ ಕಾಗದಗಳನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ.